ದಿನವೆಲ್ಲ ಕೂತವನಿಗೆ ಸಂಜೆ ಕಾಲು ಯಾಕೆ ಏಳುವುದಿಲ್ಲ?

ಪ್ರಶ್ನೆ: ನಾನು ಗಂಗಾವತಿ ಹತ್ತಿರದ ಒಂದು ರೈಸ್ ಮಿಲ್ಲಿನಲ್ಲಿ ಗುಮಾಸ್ತ. ವಯಸ್ಸು 24. ಪೊಲೀಸ್ ಕಾನ್‌ಸ್ಟೆಬಲ್ ದೈಹಿಕ ಪರೀಕ್ಷೆಗೆ ತಯಾರಿ ನಡೆಸಿದ್ದೇನೆ. 1600 ಮೀಟರ್ ಓಟವನ್ನು 6 ನಿಮಿಷ 30 ಸೆಕೆಂಡಿನಲ್ಲಿ ಮುಗಿಸಬೇಕು. ಭಾನುವಾರ ಬೆಳಿಗ್ಗೆ ಓಡಿದರೆ 6 ನಿಮಿಷ 20 ಸೆಕೆಂಡಿಗೆ ಮುಗಿಯುತ್ತದೆ. ವಾರದ ದಿನ ಕೆಲಸ ಮುಗಿಸಿ ಸಂಜೆ ಓಡಿದರೆ 6 ನಿಮಿಷ 50 ಸೆಕೆಂಡ್ (6.50) ಆಗುತ್ತದೆ, ಮೂರನೇ ಸುತ್ತಿಗೇ ಕಾಲು ಎಳೆಯತೊಡಗುತ್ತವೆ. ಮಿಲ್ಲಿನಲ್ಲಿ ನಾನು ಎತ್ತುವುದು ಪೆನ್ನು ಮಾತ್ರ. ದಿನವೆಲ್ಲ ಚೀಲ ಹೊರುವ ಹಮಾಲರು ಸಂಜೆ ಕಬಡ್ಡಿ ಆಡುತ್ತಾರೆ. "ಕುರ್ಚಿ ಮ್ಯಾಲೆ ಕುಂತವಗ ಎಂಥಾ ದಣಿವೋ" ಅಂತ ಮನೆಯಲ್ಲೂ ಅನ್ನುತ್ತಾರೆ. ನನ್ನದು ಸೋಮಾರಿತನವೋ, ಮೈಯಲ್ಲೇ ಏನಾದರೂ ದೋಷವೋ?

ಉತ್ತರ: ಸೋಮಾರಿಯಾದವನು ಕೆಲಸ ಮುಗಿಸಿ ಮೈದಾನಕ್ಕೆ ಬರುವುದಿಲ್ಲ, ಬಂದರೂ ಸುತ್ತು ಸುತ್ತಿಗೆ ಗಡಿಯಾರ ನೋಡುವುದಿಲ್ಲ. ಆ ಮಾತನ್ನು ಮೊದಲು ಮನಸ್ಸಿನಿಂದ ತೆಗೆದುಬಿಡಿ. ಇನ್ನು ಮೈಯ ದೋಷದ ವಿಚಾರ. ರಕ್ತ ಕಡಿಮೆಯಿದ್ದರೆ, ಥೈರಾಯ್ಡ್ ತೊಂದರೆಯಿದ್ದರೆ, ಅದು ಭಾನುವಾರವೂ ನಿಮ್ಮನ್ನು ಹಿಡಿದೆಳೆಯಬೇಕಿತ್ತು. ಅವೇ ಕಾಲು, ಅದೇ ಎದೆ ಭಾನುವಾರ 6.20ಕ್ಕೆ ಓಟ ಮುಗಿಸುತ್ತವೆ ಎಂದರೆ ಶಕ್ತಿ ನಿಮ್ಮಲ್ಲಿ ಇದೆ. ವಾರದ ದಿನ ಆ ಶಕ್ತಿಗೂ ನಿಮಗೂ ನಡುವೆ ಏನೋ ಅಡ್ಡ ನಿಲ್ಲುತ್ತಿದೆ.

ಅದು ಬಿಸಿಲೂ ಇರಬಹುದು. ನಮ್ಮ ಕಡೆ ಏಪ್ರಿಲ್, ಮೇ ತಿಂಗಳ ಸಂಜೆ ಆರಕ್ಕೂ ನೆಲ ಕಾಯ್ದ ಹೆಂಚಿನ ಹಾಗಿರುತ್ತದೆ. ಮಧ್ಯಾಹ್ನದಿಂದ ನೀರು ಸರಿಯಾಗಿ ಕುಡಿಯದಿದ್ದರೂ ಹೀಗಾದೀತು. ಹಾಗಾಗಿ ನಾನು ಮುಂದೆ ಹೇಳುವುದನ್ನು ನಂಬುವ ಮುಂಚೆ ಒಂದು ಪರೀಕ್ಷೆ ನೀವೇ ಮಾಡಿನೋಡಿ. ಬರುವ ಎರಡು ಭಾನುವಾರ ಬೆಳಿಗ್ಗೆ ಓಡಬೇಡಿ. ವಾರದ ದಿನ ಓಡುವ ಹೊತ್ತಿಗೇ, ಅದೇ ಮೈದಾನದಲ್ಲಿ, ಎಂದಿನ ಊಟವನ್ನೇ ಮಾಡಿ ಸಂಜೆ ಓಡಿ. ಆಗಲೂ 6.50 ಆದರೆ ಬಿಸಿಲು, ನೀರು, ಊಟದ ಕಡೆ ನೋಡೋಣ. 6.20ರ ಆಸುಪಾಸು ಬಂದರೆ ಕಾರಣ ಮಿಲ್ಲಿನ ಮೇಜಿನ ಮೇಲಿದೆ, ಎಂದರೆ ದಿನವೆಲ್ಲ ಲೆಕ್ಕ ನೋಡಿ ದಣಿದ ತಲೆಯಲ್ಲಿದೆ. ನನ್ನ ಅನುಮಾನ ಆ ಕಡೆಗೇ ಇದೆ. ಯಾಕೆಂದರೆ ಮನುಷ್ಯನ ಮೈಯ ಶಾಖ ಸಂಜೆಯ ಹೊತ್ತಿಗೆ ಏರಿರುತ್ತದೆ, ಸ್ನಾಯುಗಳು ಸಡಿಲವಾಗಿರುತ್ತವೆ. ಬಿಸಿಲಿನ ಕಾಟ ಇಲ್ಲದಿದ್ದರೆ ಬಹಳಷ್ಟು ಜನ ಬೆಳಿಗ್ಗೆಗಿಂತ ಸಂಜೆಯೇ ಚೆನ್ನಾಗಿ ಓಡುತ್ತಾರೆ. ನಿಮ್ಮದು ತಿರುವುಮುರುವಾಗಿದೆ.

ಈ ವಿಷಯ ನನಗೆ ಪುಸ್ತಕದಿಂದ ಮಾತ್ರ ಗೊತ್ತಾದದ್ದಲ್ಲ. ಬಳ್ಳಾರಿಯಲ್ಲಿ ದೈಹಿಕ ಶಿಕ್ಷಣದ ವಿದ್ಯಾರ್ಥಿಗಳಿಗೆ ವ್ಯಾಯಾಮದ ಶರೀರಶಾಸ್ತ್ರ ಕಲಿಸುತ್ತ ಬಂದವನು ನಾನು. ಪರೀಕ್ಷೆ ಮುಗಿದ ಮೇಲೆ ದಿನಗಟ್ಟಲೆ ಉತ್ತರ ಪತ್ರಿಕೆ ತಿದ್ದುವ ಕೆಲಸ ಇರುತ್ತದಲ್ಲ, ಆ ದಿನಗಳಲ್ಲಿ ಸಂಜೆ ಕೋಟೆ ಗುಡ್ಡ ಹತ್ತಲು ಹೋದರೆ ಅರ್ಧಕ್ಕೇ ಕೂರುವಂತಾಗುತ್ತಿತ್ತು. ಕೂತಲ್ಲಿಂದ ಎದ್ದಿರಲಿಲ್ಲ, ಮೈ ಬೆವರಿರಲಿಲ್ಲ. ಆದರೂ ಮೆಟ್ಟಿಲು ಎಂದಿಗಿಂತ ಎತ್ತರವಾದ ಹಾಗೆ.

ನೂರಾ ಮೂವತ್ತು ವರ್ಷಗಳಿಗೂ ಹಿಂದೆ ಇಟಲಿಯ ಟ್ಯೂರಿನ್ ಊರಿನ ಶರೀರಶಾಸ್ತ್ರಜ್ಞ ಏಂಜೆಲೊ ಮೊಸ್ಸೊ ಇದನ್ನೇ ಅಳೆದು ನೋಡಿದ್ದರು. ಕೈಯನ್ನು ಕಟ್ಟಿಟ್ಟು, ನಡುಬೆರಳಿನಿಂದ ಒಂದು ತೂಕವನ್ನು ಲಯಬದ್ಧವಾಗಿ ಮೇಲೆ ಕೆಳಗೆ ಎಳೆಯಿಸಿ, ಬೆರಳು ಸೋಲುವವರೆಗಿನ ಎಳೆತವನ್ನೆಲ್ಲ ಗೆರೆಯಾಗಿ ಬರೆದಿಡುವ ಯಂತ್ರವೊಂದನ್ನು ಅವರು ಕಟ್ಟಿದ್ದರು. ಅದರ ಹೆಸರು ಎರ್ಗೊಗ್ರಾಫ್. ಪ್ರಾಧ್ಯಾಪಕರೊಬ್ಬರು ವಿದ್ಯಾರ್ಥಿಗಳ ಮೌಖಿಕ ಪರೀಕ್ಷೆ ಮುಗಿಸಿ ಬಂದು ಬೆರಳು ಕೊಟ್ಟಾಗ, ಪರೀಕ್ಷೆಗೆ ಮೊದಲು ಎಳೆದಷ್ಟು ಸಲ ಎಳೆಯಲು ಅವರಿಗೆ ಆಗಲಿಲ್ಲ. ಬೆರಳು ಆ ಹೊತ್ತಿನಲ್ಲಿ ಏನೂ ಕೆಲಸ ಮಾಡಿರಲಿಲ್ಲ. ಮೊಸ್ಸೊ ಇದನ್ನು 1891ರಲ್ಲಿ ಪ್ರಕಟಿಸಿದರು. ಆಮೇಲೆ ವ್ಯಾಯಾಮ ವಿಜ್ಞಾನ ಬಹುಕಾಲ ಹೃದಯ, ಶ್ವಾಸಕೋಶ, ಸ್ನಾಯುಗಳ ಹಿಂದೆ ಹೋಯಿತು.

ಮತ್ತೆ ಈ ಕಡೆ ಎಲ್ಲರ ಗಮನ ಸೆಳೆದದ್ದು 2009ರ ಒಂದು ಪ್ರಯೋಗ. ಬ್ರಿಟನ್ನಿನಲ್ಲಿದ್ದ ಸ್ಯಾಮ್ಯುಯೆಲೆ ಮಾರ್ಕೋರಾ ಮತ್ತು ಸಂಗಡಿಗರು 16 ಜನರನ್ನು ಆರಿಸಿಕೊಂಡರು. ಒಂದು ದಿನ 90 ನಿಮಿಷ ಕಂಪ್ಯೂಟರ್ ಮುಂದೆ ಕೂರಿಸಿ, ಒಂದರ ಹಿಂದೊಂದು ಬರುವ ಅಕ್ಷರಗಳನ್ನು ಎಡೆಬಿಡದೆ ಗಮನಿಸಿ ಗುಂಡಿ ಒತ್ತುವ ಕೆಲಸ ಕೊಟ್ಟರು. ಇನ್ನೊಂದು ದಿನ ಅದೇ ಜನರಿಗೆ ಅಷ್ಟೇ ಹೊತ್ತು ಸಾಕ್ಷ್ಯಚಿತ್ರ ತೋರಿಸಿದರು. ಎರಡೂ ದಿನ ಕೊನೆಗೆ ಸೈಕಲ್ ಯಂತ್ರದ ಮೇಲೆ ಕೂರಿಸಿ, ಅವರವರ ಗರಿಷ್ಠ ಸಾಮರ್ಥ್ಯದ ಶೇ 80ರಷ್ಟು ಭಾರದಲ್ಲಿ ಇನ್ನು ಆಗುವುದಿಲ್ಲ ಎನ್ನುವವರೆಗೆ ತುಳಿಸಿದರು. ಚಿತ್ರ ನೋಡಿದ ದಿನ ಸರಾಸರಿ 754 ಸೆಕೆಂಡ್ ತುಳಿದವರು, ತಲೆಗೆ ಕೆಲಸ ಕೊಟ್ಟ ದಿನ 640 ಸೆಕೆಂಡಿಗೇ ಇಳಿದರು. ಸುಮಾರು ಎರಡು ನಿಮಿಷ ಮೊದಲೇ.

ಇಲ್ಲಿ ನೀವು ಗಮನಿಸಬೇಕಾದದ್ದು ಬೇರೆ ಇದೆ. ತುಳಿಯುವಾಗ ಹೃದಯ ಬಡಿತ, ಉಸಿರಿನಲ್ಲಿ ಎಳೆದುಕೊಂಡ ಆಮ್ಲಜನಕ, ಬಿರುಸಿನ ಶ್ರಮದಲ್ಲಿ ರಕ್ತದಲ್ಲಿ ಹೆಚ್ಚುವ ಲ್ಯಾಕ್ಟೇಟ್ ಎಂಬ ರಾಸಾಯನಿಕ, ಯಾವುದರಲ್ಲೂ ಈ ಎರಡು ನಿಮಿಷವನ್ನು ವಿವರಿಸುವಂಥ ಕೊರತೆ ಕಾಣಲಿಲ್ಲ. ಗೆಲ್ಲುವ ಉತ್ಸಾಹವೂ ಕುಗ್ಗಿರಲಿಲ್ಲ. ಬದಲಾದದ್ದು ಒಂದೇ: "ಎಷ್ಟು ಕಷ್ಟ ಅನ್ನಿಸುತ್ತಿದೆ" ಎಂದು ಕೇಳಿದಾಗ ಅವರು ಕೊಟ್ಟ ಅಂಕ. ಮೊದಲ ನಿಮಿಷಗಳಿಂದಲೇ ಆ ಅಂಕ ಮೇಲಿತ್ತು. ಮೇಲಿಂದ ಹೊರಟಿದ್ದರಿಂದ ತುದಿಯನ್ನು ಬೇಗ ಮುಟ್ಟಿತು.

ನಿಮ್ಮ ಮಿಲ್ಲಿನ ಭಾಷೆಯಲ್ಲೇ ಹೇಳುತ್ತೇನೆ. 75 ಕೆಜಿ ಭತ್ತದ ಚೀಲ ಕಾಟಾ ಮೇಲೆ ಇಡುತ್ತೀರಿ, ಕಾಟಾ 82 ತೋರಿಸುತ್ತದೆ. ಚೀಲದಲ್ಲಿ ಭತ್ತ ಹೆಚ್ಚಾಗಿಲ್ಲ, ಕಾಟಾ ಕೆಟ್ಟಿದೆ. ದಣಿದ ಮಿದುಳು ಕೆಟ್ಟ ಕಾಟಾ ಇದ್ದ ಹಾಗೆ. ಕಾಲಿನ ಮೇಲಿನ ಭಾರ ಅಷ್ಟೇ ಇರುತ್ತದೆ, ತೋರಿಸುವ ತೂಕ ಹೆಚ್ಚುತ್ತದೆ. ಆದರೆ ಓಡುವವನು ನಿರ್ಧಾರ ತೆಗೆದುಕೊಳ್ಳುವುದು ಆ ತೋರಿಸಿದ ತೂಕ ನೋಡಿಯೇ. "ಇನ್ನು ಎರಡು ಸುತ್ತು ಇದೆ, ಈಗಲೇ ಇಷ್ಟು ಭಾರ" ಎಂದು ಅನ್ನಿಸಿದ ಕೂಡಲೇ ನಮಗೆ ಗೊತ್ತಿಲ್ಲದೆಯೇ ಹೆಜ್ಜೆ ಸಣ್ಣದಾಗುತ್ತದೆ. ನಿಮ್ಮ ಮೂರನೇ ಸುತ್ತಿನಲ್ಲಿ ಆಗುತ್ತಿರುವುದು ಇದೇ ಎಂದು ನನ್ನ ಅಂದಾಜು.

ಈ ತೂಕ ತೋರಿಸುವ ಕೆಲಸ ಮಿದುಳಿನಲ್ಲಿ ಹೇಗೆ ನಡೆಯುತ್ತದೆ? ಮಾರ್ಕೋರಾ ಅವರ ವಾದದ ಪ್ರಕಾರ, ಕಷ್ಟದ ಅನುಭವ ಸ್ನಾಯುವಿನಿಂದ ಮೇಲೆ ಬರುವಂಥದ್ದಲ್ಲ. ಮಿದುಳು ಕಾಲಿಗೆ "ಒದೆ" ಎಂದು ಆಜ್ಞೆ ಬರೆದು ಕಳಿಸುವಾಗ, ಬಿಲ್ ಪುಸ್ತಕದಲ್ಲಿ ಕಾರ್ಬನ್ ಕಾಪಿ ಉಳಿಯುವ ಹಾಗೆ, ಆ ಆಜ್ಞೆಯ ಒಂದು ಪ್ರತಿ ಮಿದುಳಲ್ಲೇ ಉಳಿಯುತ್ತದೆ. ಆ ಪ್ರತಿಯನ್ನು ಓದಿಯೇ ಮಿದುಳು "ಇಷ್ಟು ಶ್ರಮ" ಎಂದು ಲೆಕ್ಕ ಹಾಕುತ್ತದೆ. ಶ್ರಮಕ್ಕೂ ಫಲಕ್ಕೂ ತಾಳೆ ನೋಡುವ ಕೆಲಸದಲ್ಲಿ ಮಿದುಳಿನ ಮುಂಭಾಗದ ಒಳಮೈಯಲ್ಲಿರುವ ಆಂಟೀರಿಯರ್ ಸಿಂಗ್ಯುಲೇಟ್ ಎಂಬ ಜಾಗದ ಪಾತ್ರ ದೊಡ್ಡದು. ಬಹಳ ಹೊತ್ತು ಗಮನ ಹಿಡಿದಿಡುವ ಕೆಲಸ ಮಾಡಿದಾಗ ಅಲ್ಲಿ ಅಡೆನೊಸಿನ್ ಎಂಬ ರಾಸಾಯನಿಕ ಕೂಡಿಕೊಳ್ಳುತ್ತದೆ ಎಂಬುದು ಹಲವರು ಒಪ್ಪುವ ಊಹೆ. 2022ರಲ್ಲಿ ಪ್ಯಾರಿಸ್ಸಿನ ಸಂಶೋಧಕರು ಇನ್ನೊಂದು ದಾರಿ ತೋರಿಸಿದರು: ದಿನವಿಡೀ ಕಠಿಣ ತಲೆಕೆಲಸ ಮಾಡಿದವರ ಮಿದುಳಿನ ಮುಂಭಾಗದ ಪಕ್ಕದಲ್ಲಿ ಗ್ಲುಟಮೇಟ್ ಎಂಬ ಇನ್ನೊಂದು ರಾಸಾಯನಿಕ ಹೆಚ್ಚಾಗಿ ಸೇರಿರುವುದು ಅವರ ಅಳತೆಯಲ್ಲಿ ಕಂಡಿತು. ಅಂಥವರು ಸಂಜೆ ಹೊತ್ತಿಗೆ ಶ್ರಮ ಕಡಿಮೆ ಇರುವ, ಬೇಗ ಕೈಗೆ ಸಿಗುವ ಲಾಭದ ಕಡೆಗೇ ವಾಲುತ್ತಿದ್ದರು. ಎರಡರಲ್ಲಿ ಯಾವುದು ಮುಖ್ಯ ಎಂಬ ಚರ್ಚೆ ನಡೆಯುತ್ತಲೇ ಇದೆ. ಓಡುವವನ ಅನುಭವದ ಮಟ್ಟಿಗೆ ಎರಡೂ ಒಂದೇ ಕಡೆ ಬೆರಳು ಮಾಡುತ್ತವೆ.

"ನನ್ನ ಕೆಲಸ ಅಷ್ಟೇನೂ ತಲೆ ತಿನ್ನುವಂಥದ್ದಲ್ಲ" ಎಂದು ನಿಮಗೆ ಅನ್ನಿಸಬಹುದು. ಪ್ರಯೋಗಾಲಯದಲ್ಲಿ ಮಿದುಳು ದಣಿಸಲು ಹೆಚ್ಚಾಗಿ ಬಳಸುವ ಆಟ ಕೇಳಿ. "ಕೆಂಪು" ಎಂಬ ಪದವನ್ನು ಹಸಿರು ಶಾಯಿಯಲ್ಲಿ ಬರೆದಿರುತ್ತಾರೆ. ಪದ ಓದದೆ ಶಾಯಿಯ ಬಣ್ಣ ಹೇಳಬೇಕು. ಇಷ್ಟೇ. ಇದರಲ್ಲಿ ದೊಡ್ಡ ಲೆಕ್ಕವಿಲ್ಲ. ಬಾಯಿಗೆ ಬಂದದ್ದನ್ನು ತಡೆದು, ಸರಿಯಾದದ್ದನ್ನು ಹೇಳಬೇಕು, ಮತ್ತೆ ಮತ್ತೆ. 2014ರ ಒಂದು ಅಧ್ಯಯನದಲ್ಲಿ ಇದನ್ನು ಬರೀ 30 ನಿಮಿಷ ಮಾಡಿದವರು 5 ಕಿಮೀ ಓಟಕ್ಕೆ ಸರಾಸರಿ 24 ನಿಮಿಷ 24 ಸೆಕೆಂಡ್ ತೆಗೆದುಕೊಂಡರು. ಹಗುರ ಕೆಲಸ ಮಾಡಿ ಬಂದ ದಿನ 23 ನಿಮಿಷ 6 ಸೆಕೆಂಡ್. ಈಗ ನಿಮ್ಮ ದಿನ ನೆನಪಿಸಿಕೊಳ್ಳಿ. ಲಾರಿ ನಂಬರು, ಚೀಲದ ಎಣಿಕೆ, ತೇವಾಂಶದ ಕಡಿತ, ಜಿಎಸ್‌ಟಿ ಬಿಲ್ಲು, ನಡುವೆ ಫೋನು. ಒಂದು ಸೊನ್ನೆ ತಪ್ಪಿದರೆ ನಿಮ್ಮ ತಲೆಗೇ ಬರುತ್ತದೆ. ದಲ್ಲಾಳಿಯೊಬ್ಬ ಏರುದನಿಯಲ್ಲಿ ಮಾತಾಡಿದರೆ ಸಿಟ್ಟು ನುಂಗಿಕೊಂಡು "ಆತ್ರಿ ಸಾಹುಕಾರ್ರ" ಅನ್ನಬೇಕು. ತಡೆದು ಹಿಡಿಯುವ ಈ ಕೆಲಸ ನಿಮ್ಮದು 30 ನಿಮಿಷವಲ್ಲ, ಎಂಟೊಂಬತ್ತು ಗಂಟೆ. ಭಾವನೆಯನ್ನು ಮುಖದಲ್ಲಿ ತೋರಿಸದೆ ಅದುಮಿಟ್ಟುಕೊಂಡವರ ಸೈಕಲ್ ವೇಗ ಆಮೇಲೆ ಕುಗ್ಗಿದ್ದನ್ನೂ ಒಂದು ಪ್ರಯೋಗ ತೋರಿಸಿದೆ. ಮನೆಯವರಿಗೆ ಇದನ್ನು ದಯವಿಟ್ಟು ಓದಿ ಹೇಳಿ.

ಇನ್ನು ಹಮಾಲರ ಪ್ರಶ್ನೆ. ನಿಮ್ಮ ಪತ್ರದಲ್ಲಿ ನನಗೆ ಬಹಳ ಹಿಡಿಸಿದ ಪ್ರಶ್ನೆ ಇದು. ಅವರ ದುಡಿಮೆ ನಿಮ್ಮದಕ್ಕಿಂತ ಹಗುರ ಎಂದು ಯಾರೂ ಹೇಳಲಾರರು. ಅವರ ಬೆನ್ನು, ಮೊಣಕಾಲು ತೆರುವ ಬೆಲೆ ನನಗೆ ಗೊತ್ತು. ಆದರೆ ಅವರು ಸಂಜೆ ಆಡುವುದು ಕಬಡ್ಡಿ. ಒಂದು ರೈಡ್ ಎಂದರೆ 30 ಸೆಕೆಂಡ್. ಮೈಯೆಲ್ಲ ಬಿಲ್ಲಿನ ಹಾಗೆ ಬಿಗಿದು ಒಮ್ಮೆ ಬಿಡುವುದು, ಮತ್ತೆ ನಿಂತು ಉಸಿರು ತೆಗೆದುಕೊಳ್ಳುವುದು. ಇಂಥ ಸ್ಫೋಟಕ ಶ್ರಮವನ್ನು ತಲೆಯ ದಣಿವು ಅಷ್ಟಾಗಿ ಮುಟ್ಟುವುದಿಲ್ಲ. 2015ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು 90 ನಿಮಿಷ ತಲೆಕೆಲಸ ಮಾಡಿಸಿ ಜಿಗಿತ, ಕಾಲಿನ ಗರಿಷ್ಠ ಬಲ, ಮೂರು ನಿಮಿಷ ಪೂರ್ತಿ ಶಕ್ತಿ ಹಾಕಿ ಸೈಕಲ್ ತುಳಿಯುವುದು ಎಲ್ಲವನ್ನೂ ಅಳೆದರು, ಏನೂ ಕಡಿಮೆಯಾಗಿರಲಿಲ್ಲ. ಅದಕ್ಕೂ ಮೊದಲು, 2013ರಲ್ಲಿ, ತೊಡೆಯ ಸ್ನಾಯುವಿನ ಮೇಲೆ ನಡೆದ ಪರೀಕ್ಷೆಯಲ್ಲೂ ಇದೇ ಕಂಡಿತ್ತು: ಒಮ್ಮೆಲೇ ಹಾಕುವ ಬಲ ಹಾಗೇ ಇತ್ತು, ಅದನ್ನು ಹಿಡಿದುಕೊಂಡು ಇರುವ ಅವಧಿ ಮಾತ್ರ ಶೇ 13ರಷ್ಟು ತಗ್ಗಿತ್ತು. ತಲೆಯ ದಣಿವು ಕಾಡುವುದು ತಡೆದುಕೊಂಡು ಹೋಗಬೇಕಾದ, ಪ್ರತಿ ಸೆಕೆಂಡೂ "ಮುಂದುವರಿಯಲೋ, ನಿಧಾನಿಸಲೋ" ಎಂದು ಕೇಳುವ ಶ್ರಮದಲ್ಲಿ. 1600 ಮೀಟರ್ ಅಂಥದ್ದೇ. ನೀವೂ ಹಮಾಲರ ಜೊತೆ ಕಬಡ್ಡಿಗೆ ಇಳಿದು ನೋಡಿ, ಕಾಲು ಓಟದಲ್ಲಿ ಎಳೆದಷ್ಟು ಅಲ್ಲಿ ಎಳೆಯಲಾರವು.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಈ ಪ್ರಯೋಗಗಳಲ್ಲಿ ಹೆಚ್ಚಿನವು ಹತ್ತಿಪ್ಪತ್ತು ಜನರ ಮೇಲೆ ನಡೆದವು. ಪರಿಣಾಮ ಕಂಡ ಅಧ್ಯಯನಗಳು ಬೇಗ ಅಚ್ಚಾಗುತ್ತವೆ, ಕಾಣದವು ಕಪಾಟಿನಲ್ಲೇ ಉಳಿಯುತ್ತವೆ ಎಂದು 2020ರಲ್ಲಿ ಸ್ಪೇನಿನ ಸಂಶೋಧಕರು ಲೆಕ್ಕ ಹಾಕಿ ತಕರಾರು ಎತ್ತಿದರು. ಅವರ ಮಾತಿನಲ್ಲಿ ಹುರುಳಿದೆ. ಪರಿಣಾಮ ಮೊದಲು ಎಣಿಸಿದ್ದಕ್ಕಿಂತ ಚಿಕ್ಕದಿರಬಹುದು, ಎಲ್ಲರಲ್ಲೂ ಒಂದೇ ಸಮ ಇರಲಾರದು. 2016ರ ಒಂದು ಅಧ್ಯಯನದಲ್ಲಿ ವೃತ್ತಿಪರ ಸೈಕಲ್ ಪಟುಗಳು ಬಣ್ಣ-ಪದದ ಆಟವನ್ನು 30 ನಿಮಿಷ ಆಡಿಯೂ ಮೊದಲಿನಷ್ಟೇ ಚೆನ್ನಾಗಿ ತುಳಿದರು, ಹವ್ಯಾಸಿಗಳು ಮಾತ್ರ ಹಿಂದೆ ಬಿದ್ದರು. ಅದಕ್ಕೇ ನಾನು ನಿಮಗೆ ಮೊದಲು ಭಾನುವಾರದ ಪರೀಕ್ಷೆ ಹೇಳಿದ್ದು. ನಿಮ್ಮ ಮಟ್ಟಿಗೆ ಸರಾಸರಿಗಿಂತ ನಿಮ್ಮದೇ ಗಡಿಯಾರ ಹೆಚ್ಚು ನಿಜ.

ಈಗ ಮಾಡಬೇಕಾದ್ದು. ವೇಗದ ಓಟವನ್ನು ಕೆಲಸಕ್ಕೆ ಮೊದಲು ಇಟ್ಟುಕೊಳ್ಳಿ. ವಾರದಲ್ಲಿ ಎರಡು ದಿನ, ಮಂಗಳವಾರ ಮತ್ತು ಶುಕ್ರವಾರ ಅನ್ನೋಣ, ಬೆಳಿಗ್ಗೆ ಐದೂವರೆಗೆ ಮೈದಾನ ಸೇರಿ. 6.30ರಲ್ಲಿ ಮುಗಿಸಲು 400 ಮೀಟರಿನ ಒಂದು ಸುತ್ತಿಗೆ 97 ಸೆಕೆಂಡ್ ಚಿಲ್ಲರೆ ಸಿಗುತ್ತದೆ. ನೀವು ಈಗಲೇ 95ರಲ್ಲಿ ಓಡುತ್ತಿದ್ದೀರಿ. ಹಾಗಾಗಿ ಮೈ ಬಿಸಿ ಮಾಡಿಕೊಂಡ ಮೇಲೆ 400 ಮೀಟರನ್ನು 90ರಿಂದ 92 ಸೆಕೆಂಡಿನಲ್ಲಿ ಐದು ಸಲ ಓಡಿ, ನಡುನಡುವೆ ಎರಡು ನಿಮಿಷ ನಡೆಯಿರಿ. ಮಿದುಳು ತಾಜಾ ಇರುವಾಗ ಆ ವೇಗದ ರುಚಿ ಕಾಲಿಗೆ ಹತ್ತಬೇಕು. ಸಂಜೆಯನ್ನು ದಣಿದ ತಲೆ ಕೆಡಿಸಲಾಗದ ಕೆಲಸಕ್ಕೆ ಕೊಡಿ: ಉದ್ದ ಜಿಗಿತ, 7.26 ಕೆಜಿ ಗುಂಡು ಎಸೆತ, 60 ಮೀಟರಿನ ಬಿರುಸಿನ ಓಟ. ಜಿಗಿತ, ಗುಂಡು ಎಸೆತ ನಿಮ್ಮ ಪರೀಕ್ಷೆಯಲ್ಲೂ ಇವೆಯಲ್ಲ. ಅಳತೆಗಳನ್ನು ನಿಮ್ಮ ಅಧಿಸೂಚನೆಯಲ್ಲಿ ಮತ್ತೊಮ್ಮೆ ನೋಡಿಕೊಳ್ಳಿ. ಸಂಜೆ ಓಡಲೇಬೇಕೆನಿಸಿದರೆ ಗಡಿಯಾರ ಮನೆಯಲ್ಲಿಟ್ಟು, ಪಕ್ಕದವನ ಜೊತೆ ಮಾತಾಡುತ್ತ ಓಡುವಷ್ಟು ನಿಧಾನಕ್ಕೆ ಓಡಿ. ಆ ಓಟವೂ ಹೃದಯಕ್ಕೆ ಒಳ್ಳೆಯ ತಾಲೀಮು, ಜೊತೆಗೆ ಮಿಲ್ಲಿನ ಗದ್ದಲ ತಲೆಯಿಂದ ಇಳಿಯುತ್ತದೆ.

ತಿಂಗಳಿಗೆ ಒಂದೆರಡು ಸಲ ಮಾತ್ರ ಬೇಕೆಂತಲೇ ದಣಿದ ಸಂಜೆ ಗಡಿಯಾರ ಹಿಡಿದು 1600 ಓಡಿ. ಕಾಟಾ 82 ತೋರಿಸಿದರೂ ಚೀಲ 75 ಎಂದು ಗೊತ್ತಿದ್ದು ಹೊರುವ ಅಭ್ಯಾಸ ಅದು. ಮೂರನೇ ಸುತ್ತಿನಲ್ಲಿ "ಆಗುವುದಿಲ್ಲ" ಎಂಬ ದನಿ ಬಂದಾಗ, ಈ ದನಿ ಎಲ್ಲಿಂದ ಬರುತ್ತಿದೆ ಎಂದು ಗುರುತಿಸುವುದು ಕಲಿತವನಿಗೆ ಆ ಸುತ್ತು ಕೈಕೊಡುವುದಿಲ್ಲ. ಆ ದಿನ ಎಷ್ಟೇ ನಿಮಿಷ ಬರಲಿ, ಅದನ್ನು ನಿಮ್ಮ ಸಾಮರ್ಥ್ಯದ ಲೆಕ್ಕಕ್ಕೆ ಬರೆಯಬೇಡಿ.

ಲೆಕ್ಕ ಬರೆಯುವುದು ನಿಮ್ಮ ವೃತ್ತಿ, ಆದ್ದರಿಂದ ಒಂದು ವಹಿ ಇಡಿ. ಸ್ವೀಡನ್ನಿನ ಗುನ್ನಾರ್ ಬೋರ್ಗ್ ಎಂಬ ಮನಶ್ಶಾಸ್ತ್ರಜ್ಞರು ಶ್ರಮದ ಅನಿಸಿಕೆಗೆ 6ರಿಂದ 20ರವರೆಗೆ ಅಂಕ ಕೊಡುವ ಪದ್ಧತಿ ಮಾಡಿದ್ದಾರೆ. 6 ಎಂದರೆ ಏನೂ ಶ್ರಮವಿಲ್ಲ, 13 ಎಂದರೆ ಸ್ವಲ್ಪ ಕಷ್ಟ, 20 ಎಂದರೆ ಇನ್ನು ಸಾಧ್ಯವೇ ಇಲ್ಲ. ಪ್ರತಿ ಓಟದ ಸಮಯದ ಪಕ್ಕ ಈ ಅಂಕವನ್ನೂ, ಆ ದಿನ ಮಿಲ್ಲಿನಲ್ಲಿ ಏನಿತ್ತು ಎಂಬುದನ್ನೂ ಬರೆಯಿರಿ. ಒಂದೇ ವೇಗಕ್ಕೆ ಒಂದು ದಿನ 14, ಇನ್ನೊಂದು ದಿನ 17 ಬಿದ್ದರೆ, ಮಧ್ಯೆ ಏನಾಯಿತು ಎಂಬುದು ನಿಮಗೇ ಕಾಣುತ್ತದೆ. ಸುಗ್ಗಿಯಲ್ಲಿ ಮಿಲ್ಲು ರಾತ್ರಿಯೂ ನಡೆದು ನಿದ್ದೆ ಕೆಟ್ಟ ವಾರ ವೇಗದ ಓಟವನ್ನು ಕೈಬಿಡಿ. ನಿದ್ದೆಗೆಟ್ಟ ಮೈಯನ್ನು ಯಾವ ತಾಲೀಮೂ ಸರಿ ಮಾಡುವುದಿಲ್ಲ.

ಕೆಲಸಕ್ಕೂ ಮೈದಾನಕ್ಕೂ ನಡುವಿನ ಅರ್ಧ ಗಂಟೆ ಹೇಗೆ ಕಳೆಯುತ್ತೀರಿ? ಬಹಳ ಹುಡುಗರು ಮೊಬೈಲ್ ತೆಗೆದು ರೀಲ್ಸ್ ನೋಡುತ್ತ ಕೂರುತ್ತಾರೆ, ಅದನ್ನೇ ವಿಶ್ರಾಂತಿ ಅಂದುಕೊಳ್ಳುತ್ತಾರೆ. ಬ್ರೆಜಿಲ್ಲಿನಲ್ಲಿ ಫುಟ್ಬಾಲ್ ಆಟಗಾರರ ಮೇಲೆ ನಡೆದ ಅಧ್ಯಯನದಲ್ಲಿ, ಆಟಕ್ಕೆ ಮುಂಚೆ ಅರ್ಧ ಗಂಟೆ ಮೊಬೈಲಿನ ಸಾಮಾಜಿಕ ಜಾಲತಾಣ ನೋಡಿದವರ ಆಟದ ನಿರ್ಧಾರಗಳು ಹದಗೆಟ್ಟವು. ಮೊಬೈಲ್ ಚೀಲದಲ್ಲಿರಲಿ. ಮುಖ ತೊಳೆದು, ಬೇವಿನ ಮರದ ಕೆಳಗೆ ಸುಮ್ಮನೆ ಕೂತು, ಒಂದೆರಡು ಬಾಳೆಹಣ್ಣು ಇಲ್ಲವೇ ಹಿಡಿ ಮಂಡಕ್ಕಿ ತಿಂದು, ನೀರು ಕುಡಿದು ಹೊರಡಿ. ಚಹಾದಲ್ಲಿನ ಕೆಫೀನ್ ನಾನು ಹೇಳಿದ ಅಡೆನೊಸಿನ್ನಿಗೆ ಅಡ್ಡಗಟ್ಟುತ್ತದೆ, ಹಾಗಾಗಿ ಒಂದು ಗಟ್ಟಿ ಚಹಾ ಸ್ವಲ್ಪ ನೆರವಾದೀತು. ಆದರೆ ಕುಡಿದ ಕೆಫೀನಿನ ಅರ್ಧದಷ್ಟು ಸುಮಾರು ಐದು ಗಂಟೆಯ ನಂತರವೂ ಮೈಯಲ್ಲಿರುತ್ತದೆ. ಸಂಜೆ ಆರರ ಚಹಾ ರಾತ್ರಿಯ ನಿದ್ದೆಗೆ ಕೈ ಹಾಕಿದರೆ ಮರುದಿನದ ತಲೆ ಮತ್ತೂ ಬೇಗ ದಣಿಯುತ್ತದೆ.

ಇನ್ನೊಂದು ಮಾತನ್ನು ಬಹಳ ಕಾಳಜಿಯಿಂದ ಹೇಳುತ್ತಿದ್ದೇನೆ. ದಣಿದ ತಲೆಯಲ್ಲಿ ಗಮನ ಜಾರುತ್ತದೆ, ಎದುರಾದದ್ದಕ್ಕೆ ಮೈ ತಡವಾಗಿ ಸ್ಪಂದಿಸುತ್ತದೆ. ಮುಸ್ಸಂಜೆ ಹೊತ್ತಿನಲ್ಲಿ ಭತ್ತದ ಲಾರಿ, ಟ್ರ್ಯಾಕ್ಟರ್ ಓಡಾಡುವ ರಸ್ತೆಯ ಅಂಚಿನಲ್ಲಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಓಡುವ ಹುಡುಗರನ್ನು ನಾನು ಕಾರಟಗಿ, ಸಿಂಧನೂರು ಹಾದಿಯಲ್ಲಿ ಕಂಡಿದ್ದೇನೆ. ದಯವಿಟ್ಟು ಬೇಡ. ಶಾಲೆಯ ಮೈದಾನವೋ ಕಾಲುವೆಯ ಏರಿ ಮೇಲಿನ ಮಣ್ಣಿನ ಹಾದಿಯೋ ಸಾಕು.

ದೈಹಿಕ ಪರೀಕ್ಷೆಯ ದಿನದ ಬಗ್ಗೆ ಧೈರ್ಯವಾಗಿರಿ. ಲಿಖಿತ ಪರೀಕ್ಷೆ ಬೇರೆ ದಿನ ಮುಗಿದಿರುತ್ತದೆ, ಅಂದು ಮಿಲ್ಲಿನ ಲೆಕ್ಕವೂ ಇರುವುದಿಲ್ಲ. ತಲೆ ದಣಿಸುವುದು ಸರದಿಯ ಕಾಯುವಿಕೆ: ದಾಖಲೆ ಪರಿಶೀಲನೆ, ಎತ್ತರ, ಎದೆ ಅಳತೆ, ನಂಬರ್ ಕೂಗುವುದು, "ಅವನು ಫೇಲಂತೆ, ಇವನಿಗೆ ಕಾಲು ಉಳುಕಿತಂತೆ" ಎಂಬ ಸುದ್ದಿಗಳು. ಕಾಗದ ಪತ್ರಗಳನ್ನು ಹಿಂದಿನ ರಾತ್ರಿಯೇ ಜೋಡಿಸಿಡಿ. ಹಿಂದಿನ ಎರಡು ದಿನ ಮಿಲ್ಲಿಗೆ ರಜೆ ಕೇಳಿ. ಕಾಲಿಗೆ ಬೇಕಾಗುವಷ್ಟೇ ನಿಮ್ಮ ತಲೆಗೂ ಆ ರಜೆ ಬೇಕು. ಸುದ್ದಿ ಹೇಳುವವರಿಂದ ಸ್ವಲ್ಪ ದೂರ, ನೆರಳಿನಲ್ಲಿ ಕೂರಿ. ಮೊದಲ ಸುತ್ತನ್ನು 94 ಸೆಕೆಂಡಿಗಿಂತ ಬೇಗ ಓಡಬೇಡಿ.

ಭಾನುವಾರ ಸಂಜೆಯ ಓಟವೂ 6.50ರಲ್ಲೇ ನಿಂತರೆ, ಅಥವಾ ಮೆಟ್ಟಿಲು ಹತ್ತಿದರೂ ಏದುಸಿರು, ಎದೆ ಢವಢವ, ಕಾರಣವಿಲ್ಲದೆ ತೂಕ ಇಳಿಯುವುದು ಏನಾದರೂ ಇದ್ದರೆ, ತಾಲ್ಲೂಕು ಆಸ್ಪತ್ರೆಯಲ್ಲಿ ಹಿಮೋಗ್ಲೋಬಿನ್ ಮತ್ತು ಸಕ್ಕರೆ ಪರೀಕ್ಷೆ ಮಾಡಿಸಿ. ಗಂಡಸರಲ್ಲಿ ಹಿಮೋಗ್ಲೋಬಿನ್ 13ಕ್ಕಿಂತ ಕೆಳಗಿದ್ದರೆ ಅದು ರಕ್ತಹೀನತೆ, ಅದಕ್ಕೆ ವೈದ್ಯರು ಬೇಕು. ಅಂಥದ್ದೇನೂ ಇಲ್ಲವಾದರೆ ಎರಡು ಭಾನುವಾರದ ಸಂಜೆಯ ಸಮಯವನ್ನು, ಪಕ್ಕದಲ್ಲಿ ಬೋರ್ಗ್ ಅಂಕ ಹಾಕಿ, ನನಗೆ ಬರೆದು ಕಳಿಸಿ. ಮುಂದಿನ ಆರು ವಾರದ ತಾಲೀಮನ್ನು ಆ ಅಂಕಿ ನೋಡಿ ಹೇಳುತ್ತೇನೆ.